ತಕ್ಕಡಿಯ ಇನ್ನೊಂದು ತಟ್ಟೆ

2025ರ ಜೂನ್, ಜುಲೈನಲ್ಲಿ ಹಾಸನ ಜಿಲ್ಲೆಯ ಯಾವ ಟೀ ಅಂಗಡಿಯಲ್ಲಿ ಕೂತರೂ ಒಂದೇ ಮಾತು, ಹಾರ್ಟ್ ಅಟ್ಯಾಕ್. ಒಂದರ ಹಿಂದೊಂದು ಸಾವಿನ ಸುದ್ದಿ ಬಂತು, ಟಿ.ವಿ.ಯವರು ದಿನಾ ಲೆಕ್ಕ ಇಟ್ಟರು, ಸರ್ಕಾರ ತಜ್ಞರ ಸಮಿತಿ ಮಾಡಿತು, ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಜನ ಸಾಲುಗಟ್ಟಿದರು. ಆ ಗದ್ದಲದಲ್ಲಿ ನಮ್ಮ ಜಿಲ್ಲೆ ಒಂದು ಸಂಗತಿಯನ್ನು ಚೆನ್ನಾಗಿ ಕಲಿತುಕೊಂಡಿತು. ರಕ್ತ ನಾಳದೊಳಗೇ ಹೆಪ್ಪುಗಟ್ಟಿದರೆ ಜೀವಕ್ಕೇ ಕುತ್ತು. 'ರಕ್ತ ತೆಳು ಮಾಡೋ ಮಾತ್ರೆ' ಅನ್ನುವುದು ಈಗ ಹೊಳೆನರಸೀಪುರದ ಸಂತೆಯಲ್ಲೂ ಅರ್ಥವಾಗುವ ಮಾತು.

ನಾವು ಇಲ್ಲಿ ಬರೆಯಲು ಹೊರಟಿರುವುದು ಹೃದಯದ ಬಗ್ಗೆ ಅಲ್ಲ. ಅದೇ ಆಸ್ಪತ್ರೆಗಳ ಬೇರೊಂದು ವಾರ್ಡಿನಲ್ಲಿ, ಹೊಟ್ಟೆ ಉಬ್ಬಿ, ಕಣ್ಣು ಹಳದಿಯಾಗಿ, ಕೈಕಾಲು ಸೊರಗಿ ಮಲಗಿರುವ ಲಿವರ್ ರೋಗಿಗಳ ಬಗ್ಗೆ. ಇವರಿಗೆ ರಕ್ತ ಹೆಪ್ಪುಗಟ್ಟುವ ಭಯವೇ ಇಲ್ಲ ಎಂದು ವೈದ್ಯಶಾಸ್ತ್ರ ದಶಕಗಳ ಕಾಲ ನಂಬಿತ್ತು. ಆ ನಂಬಿಕೆ ಎಲ್ಲಿಂದ ಬಂತು, ಹೇಗೆ ಸಡಿಲವಾಯಿತು ಎಂಬುದು ಒಂದು ಒಳ್ಳೆಯ ಚರಿತ್ರೆ. ಅದರಲ್ಲಿ ದನವಿದೆ, ಇಲಿ ಇದೆ, ನಮ್ಮ ಗದ್ದೆಯ ಹಾವೂ ಇದೆ.

ಹಾವಿನಿಂದಲೇ ಶುರು ಮಾಡೋಣ. ಅರಕಲಗೂಡಿನ ಗದ್ದೆ ಬಯಲಲ್ಲಿ ಬೆಳೆದವರಿಗೆ ಕೊಳಕುಮಂಡಲವನ್ನು ಪರಿಚಯಿಸಬೇಕಿಲ್ಲ. ಇಂಗ್ಲಿಷಿನಲ್ಲಿ ಅದಕ್ಕೆ ರಸೆಲ್ಸ್ ವೈಪರ್ ಎಂದು ಹೆಸರು. ಈಸ್ಟ್ ಇಂಡಿಯಾ ಕಂಪನಿಯಲ್ಲಿದ್ದ ಪ್ಯಾಟ್ರಿಕ್ ರಸೆಲ್ ಎಂಬ ವೈದ್ಯ 1796ರಲ್ಲಿ ಭಾರತದ ಹಾವುಗಳ ಮೇಲೆ ದೊಡ್ಡ ಪುಸ್ತಕ ತಂದ, ಹೆಸರು ಅವನಿಂದ ಬಂತು. ಈ ಹಾವು ಕಚ್ಚಿದವರನ್ನು ತಾಲ್ಲೂಕು ಆಸ್ಪತ್ರೆಗೆ ತಂದಾಗ ಡಾಕ್ಟರು ಮಾಡುವ ಪರೀಕ್ಷೆ ಬಹಳ ಸರಳ. ಸ್ವಲ್ಪ ರಕ್ತ ತೆಗೆದು ಶುದ್ಧವಾದ, ಒಣಗಿದ ಗಾಜಿನ ನಳಿಕೆಗೆ ಹಾಕಿ 20 ನಿಮಿಷ ಅಲ್ಲಾಡಿಸದೆ ಇಡುತ್ತಾರೆ. ಆಮೇಲೆ ಓರೆ ಮಾಡಿ ನೋಡುತ್ತಾರೆ. ರಕ್ತ ಮೊಸರಿನ ಹಾಗೆ ಗಟ್ಟಿಯಾಗಿದ್ದರೆ ಸಮಾಧಾನ. ನೀರಿನ ಹಾಗೆ ಹರಿದರೆ ವಿಷ ಏರಿದೆ ಎಂದರ್ಥ.

ಕೊಳಕುಮಂಡಲದ ವಿಷ ರಕ್ತವನ್ನು ನೀರು ಮಾಡುತ್ತದೆ ಎಂದು ಹಳ್ಳಿಯಲ್ಲಿ ಹೇಳುತ್ತೇವೆ. ಅದು ಅರ್ಧ ನಿಜ. ಆ ವಿಷ ಮೊದಲು ಮಾಡುವ ಕೆಲಸ ರಕ್ತವನ್ನು ಹೆಪ್ಪುಗಟ್ಟಿಸುವುದು. ಮೈಯೆಲ್ಲ ಸಣ್ಣಸಣ್ಣದಾಗಿ ಹೆಪ್ಪುಗಟ್ಟಿ, ಹೆಪ್ಪಿಗೆ ಬೇಕಾದ ಸಾಮಾನೆಲ್ಲ ಖರ್ಚಾಗಿ ಹೋಗುತ್ತದೆ. ಆಮೇಲೆ ಉಳಿಯುವುದು ಹೆಪ್ಪುಗಟ್ಟಲಾರದ ರಕ್ತ. 1934ರಲ್ಲಿ ಲಂಡನ್ನಿನಲ್ಲಿ ಮ್ಯಾಕ್‌ಫರ್ಲೇನ್ ಮತ್ತು ಬಾರ್ನೆಟ್ ಎಂಬಿಬ್ಬರು ಇದೇ ಹಾವಿನ ವಿಷವನ್ನು ಅತಿ ತೆಳುವಾಗಿ ಕಲಸಿ, ಹೀಮೋಫೀಲಿಯಾ ರೋಗಿಗಳ ರಕ್ತಸ್ರಾವ ನಿಲ್ಲಿಸಲು ಬಳಸಬಹುದೆಂದು ಬರೆದರು. ಹೆಪ್ಪುಗಟ್ಟುವುದು ಮತ್ತು ಸೋರುವುದು ಒಂದೇ ಮೈಯಲ್ಲಿ, ಒಂದೇ ಹೊತ್ತಿಗೆ ನಡೆಯಬಹುದು. ಈ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಇನ್ನು ಲಿವರ್ ವಿಷಯ. ಪಿತ್ತಜನಕಾಂಗ ಎನ್ನುವುದು ಪಠ್ಯಪುಸ್ತಕದ ಪದ, ಊರಲ್ಲಿ ಎಲ್ಲರೂ ಲಿವರ್ ಎಂದೇ ಹೇಳುವುದು. ಅದು ಗಾಯವಾಗಿ, ಮಾಯ್ದು, ಮತ್ತೆ ಗಾಯವಾಗಿ ಕೊನೆಗೆ ಗಂಟುಗಂಟಾಗಿ ಗಟ್ಟಿಯಾಗುವ ಸ್ಥಿತಿಗೆ ಸಿರೋಸಿಸ್ ಎಂಬ ಹೆಸರನ್ನು 1819ರಲ್ಲಿ ಕೊಟ್ಟವನು ಸ್ಟೆತಾಸ್ಕೋಪ್ ಕಂಡುಹಿಡಿದ ಫ್ರೆಂಚ್ ವೈದ್ಯ ಲೆನೆಕ್. ಗ್ರೀಕ್ ಭಾಷೆಯಲ್ಲಿ ಆ ಪದಕ್ಕೆ ಕಂದುಹಳದಿ ಬಣ್ಣ ಎಂದರ್ಥ. ಕುಡಿತ, ಹೆಪಟೈಟಿಸ್ ಬಿ ಮತ್ತು ಸಿ, ಈಚೆಗೆ ಸಕ್ಕರೆ ಕಾಯಿಲೆ ಮತ್ತು ಬೊಜ್ಜಿನ ಜೊತೆ ಬರುವ ಕೊಬ್ಬಿನ ಲಿವರ್, ಇವು ಮುಖ್ಯ ಕಾರಣಗಳು.

ಕುಡಿತದ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇವೆ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು. ಆಗ ಮುಖ್ಯಮಂತ್ರಿ ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯಲ್ಲಿ ಹುಟ್ಟಿದ ಎಚ್.ಡಿ. ಕುಮಾರಸ್ವಾಮಿ, ಹಣಕಾಸು ಖಾತೆ ಬಿ.ಎಸ್. ಯಡಿಯೂರಪ್ಪ ಅವರದು. ಪ್ಯಾಕೆಟ್ ಸಾರಾಯಿ ಹೋಯಿತು. ಅದರ ಜಾಗಕ್ಕೆ ಅಗ್ಗದ ವಿಸ್ಕಿ, ಬ್ರಾಂದಿಯ ಸಣ್ಣ ಪ್ಯಾಕುಗಳು ಬಂದವು. ಲಿವರಿಗೆ ಬ್ರಾಂಡಿನ ಹೆಸರು ಓದಲು ಬರುವುದಿಲ್ಲ.

ಲಿವರ್ ಮಾಡುವ ನೂರಾರು ಕೆಲಸಗಳಲ್ಲಿ ಒಂದು, ರಕ್ತ ಹೆಪ್ಪುಗಟ್ಟಲು ಬೇಕಾದ ಪ್ರೋಟೀನುಗಳನ್ನು ತಯಾರಿಸುವುದು. ಲಿವರ್ ಕೆಟ್ಟರೆ ಇವು ಕಡಿಮೆಯಾಗುತ್ತವೆ. ಕಾಮಾಲೆಯ ರೋಗಿಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರೆ ರಕ್ತ ನಿಲ್ಲುವುದಿಲ್ಲ ಎಂಬುದು ಸರ್ಜನ್ನರಿಗೆ ಮೊದಲಿನಿಂದಲೂ ಗೊತ್ತಿತ್ತು. ಅದನ್ನು ಅಳೆಯುವ ಪರೀಕ್ಷೆಯನ್ನು 1935ರಲ್ಲಿ ರೂಪಿಸಿದವನು ಅಮೆರಿಕದ ಆರ್ಮಂಡ್ ಕ್ವಿಕ್. ಪ್ರೋಥ್ರಾಂಬಿನ್ ಟೈಮ್, ಅಂದರೆ ಲ್ಯಾಬ್ ರಿಪೋರ್ಟಿನಲ್ಲಿ ನಾವು ನೋಡುವ 'ಪಿ.ಟಿ.' ಅದೇ. ನಳಿಕೆಯಲ್ಲಿ ರಕ್ತದ ಪ್ಲಾಸ್ಮಾ, ಅದಕ್ಕೊಂದು ರಾಸಾಯನಿಕ, ಎಷ್ಟು ಸೆಕೆಂಡಿಗೆ ಹೆಪ್ಪುಗಟ್ಟಿತು ಎಂಬ ಲೆಕ್ಕ. ಅದೇ ಕಾಲಕ್ಕೆ ಡೆನ್ಮಾರ್ಕಿನ ಹೆನ್ರಿಕ್ ಡಾಮ್ ಕೋಳಿಮರಿಗಳ ಮೇಲೆ ಪ್ರಯೋಗ ಮಾಡುತ್ತಾ ವಿಟಮಿನ್ ಕೆ ಕಂಡುಹಿಡಿದ. ಲಿವರ್ ಈ ಪ್ರೋಟೀನುಗಳಲ್ಲಿ ಕೆಲವನ್ನು ಪೂರ್ಣಗೊಳಿಸಲು ಆ ವಿಟಮಿನ್ ಬೇಕೇ ಬೇಕು.

ಈಗ ದನದ ಕಥೆ. 1920ರ ದಶಕದಲ್ಲಿ ಕೆನಡಾ ಮತ್ತು ಅಮೆರಿಕದ ಉತ್ತರದ ಬಯಲುಗಳಲ್ಲಿ ದನಗಳು ವಿಚಿತ್ರವಾಗಿ ಸಾಯತೊಡಗಿದವು. ಕೊಂಬು ಕೊಯ್ದರೆ, ಬೀಜ ಒಡೆದರೆ ರಕ್ತ ನಿಲ್ಲದೆ ಸೋರಿ ಸತ್ತುಹೋಗುತ್ತಿದ್ದವು. ಕಾರಣ ಮೇವು. ಸ್ವೀಟ್ ಕ್ಲೋವರ್ ಎಂಬ, ನಮ್ಮ ಕುದುರೆಮೆಂತೆಯ ಬಳಗದ ಗಿಡವನ್ನು ಒಣಗಿಸಿ ಬಣವೆ ಹಾಕುತ್ತಿದ್ದರು. ಮಳೆಗೆ ನೆಂದು ಬೂಸಲು ಹಿಡಿದ ಮೇವು ತಿಂದ ದನಗಳಿಗೆ ಈ ರೋಗ ಬರುತ್ತಿತ್ತು. ಕೆನಡಾದ ಪಶುವೈದ್ಯ ಫ್ರಾಂಕ್ ಸ್ಕೋಫೀಲ್ಡ್ ಇದನ್ನು ಮೊದಲು ಗುರುತಿಸಿದ. ಬೂಸಲು ಮೇವು ಎಸೆಯಿರಿ ಎಂದರೆ, ಆರ್ಥಿಕ ಕುಸಿತದ ಆ ಕಾಲದಲ್ಲಿ ರೈತ ಬೇರೆ ಮೇವನ್ನು ಎಲ್ಲಿಂದ ತರುತ್ತಾನೆ? ಬರಗಾಲದ ಬೇಸಿಗೆಯಲ್ಲಿ ಅರಸೀಕೆರೆ, ಚನ್ನರಾಯಪಟ್ಟಣದ ಕಡೆ ಹುಲ್ಲಿನ ರೇಟು ಕೇಳಿದವರಿಗೆ ಈ ಸಂಕಟ ಹೊಸದಲ್ಲ.

1933ರ ಫೆಬ್ರವರಿಯಲ್ಲಿ ಎಡ್ ಕಾರ್ಲ್‌ಸನ್ ಎಂಬ ವಿಸ್ಕಾನ್ಸಿನ್ ರೈತ ಹಿಮಗಾಳಿಯಲ್ಲೇ ಲಾರಿ ಹೊಡೆದುಕೊಂಡು ವಿಶ್ವವಿದ್ಯಾಲಯಕ್ಕೆ ಬಂದ. ಲಾರಿಯಲ್ಲಿ ಸತ್ತ ಕಡಸು, ಒಂದಷ್ಟು ಬೂಸಲು ಮೇವು, ಮತ್ತು ಹಾಲಿನ ಕ್ಯಾನಿನ ತುಂಬ ಹೆಪ್ಪುಗಟ್ಟದ ರಕ್ತ. ಬಾಗಿಲು ತೆರೆದಿದ್ದ ಪ್ರಯೋಗಾಲಯ ರಸಾಯನ ವಿಜ್ಞಾನಿ ಕಾರ್ಲ್ ಪಾಲ್ ಲಿಂಕ್ ಅವನದು. ಆ ಮೇವಿನಿಂದ ವಿಷದ ಅಂಶವನ್ನು ಬೇರ್ಪಡಿಸಲು ಲಿಂಕ್‌ನ ತಂಡಕ್ಕೆ ಆರು ವರ್ಷ ಬೇಕಾಯಿತು. ಅದರ ಮುಂದಿನ ಪೀಳಿಗೆಯೇ ವಾರ್ಫರಿನ್. 1948ರಲ್ಲಿ ಅದು ಮಾರುಕಟ್ಟೆಗೆ ಬಂದದ್ದು ಇಲಿ ಪಾಷಾಣವಾಗಿ. ತೆಂಗಿನ ತೋಟದಲ್ಲಿ ಇವತ್ತು ಇಲಿಗೆ ಇಡುವ ಬ್ರೋಮಾಡಯೋಲೋನ್ ಬಿಲ್ಲೆ ಅದರದೇ ಮೊಮ್ಮಗ. ಆಮೇಲೆ ಅದನ್ನೇ ಲೆಕ್ಕದ ಪ್ರಮಾಣದಲ್ಲಿ ಮನುಷ್ಯರಿಗೆ ಕೊಟ್ಟರು. 1955ರಲ್ಲಿ ಹೃದಯಾಘಾತವಾದ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್‌ಗೂ ವಾರ್ಫರಿನ್ ಕೊಟ್ಟಿದ್ದರು.

ವಾರ್ಫರಿನ್ ಮಾಡುವುದು ಇಷ್ಟೇ, ಲಿವರಿನೊಳಗೆ ವಿಟಮಿನ್ ಕೆ ಕೆಲಸಕ್ಕೆ ಅಡ್ಡಗಾಲು ಹಾಕುವುದು. ಮಾತ್ರೆ ಹೆಚ್ಚಾದರೆ ರಕ್ತಸ್ರಾವ, ಕಡಿಮೆಯಾದರೆ ಹೆಪ್ಪು. ಹಾಗಾಗಿ ಪಿ.ಟಿ. ಪರೀಕ್ಷೆಯಿಂದ ಆಗಾಗ ನೋಡುತ್ತಿರಬೇಕು. ಒಂದೊಂದು ಲ್ಯಾಬಿನಲ್ಲಿ ಒಂದೊಂದು ಅಂಕಿ ಬರುತ್ತಿದ್ದುದರಿಂದ, ಎಲ್ಲ ಕಡೆಗೂ ಹೊಂದುವಂತೆ ಒಂದು ಅಳತೆಯನ್ನು 1983ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿತು. ಅದೇ ಐ.ಎನ್.ಆರ್. ಆರೋಗ್ಯವಂತರಲ್ಲಿ ಸುಮಾರು 1. ವಾರ್ಫರಿನ್ ತೆಗೆದುಕೊಳ್ಳುವ ಹೆಚ್ಚಿನವರಲ್ಲಿ 2ರಿಂದ 3 ಇರಬೇಕು.

ಗಮನಿಸಿ, ಇದು ವಾರ್ಫರಿನ್ ತೆಗೆದುಕೊಳ್ಳುವವರಿಗಾಗಿ ಮಾಡಿದ ಅಳತೆ. ಆದರೆ ಪರೀಕ್ಷೆ ಅಗ್ಗ, ಎಲ್ಲ ಕಡೆ ಸಿಗುತ್ತದೆ, ಲಿವರ್ ರೋಗಿಗಳಲ್ಲೂ ಅಂಕಿ ಏರುತ್ತದೆ. ಆ ಅಂಕಿಗೆ ಒಂದು ಉಪಯೋಗ ಇದ್ದೇ ಇದೆ. ಲಿವರ್ ಎಷ್ಟು ಕೆಟ್ಟಿದೆ ಎಂದು ಅದು ಹೇಳುತ್ತದೆ, ಕಸಿಗೆ ಸರದಿ ನಿರ್ಧರಿಸುವ ಮೆಲ್ಡ್ ಎಂಬ ಲೆಕ್ಕದಲ್ಲೂ ಅದು ಸೇರಿದೆ. ತೊಂದರೆ ಆದದ್ದು ಇನ್ನೊಂದು ಹೆಜ್ಜೆಯಲ್ಲಿ. ವಾರ್ಫರಿನ್ ನುಂಗುವವನ ಐ.ಎನ್.ಆರ್. 2.5 ಇದ್ದರೆ ಅವನ ರಕ್ತ ತೆಳು. ಲಿವರ್ ರೋಗಿಯ ಐ.ಎನ್.ಆರ್. ಕೂಡ 2.5. ಹಾಗಾದರೆ ಇವನ ರಕ್ತವೂ ತೆಳು, ಮಾತ್ರೆ ಇಲ್ಲದೆಯೇ ತೆಳುವಾಗಿದೆ, ಇವನಿಗೆ ಹೆಪ್ಪಿನ ಭಯವಿಲ್ಲ. ಕೇಳಲು ತರ್ಕವಾಗಿಯೇ ಇದೆ.

ಇದರ ಜೊತೆಗೆ ಕಣ್ಣಾರೆ ಕಾಣುವ ಸಾಕ್ಷಿಯೂ ಇತ್ತು. ಸಿರೋಸಿಸ್ ಮುಂದುವರಿದಾಗ ಅನ್ನನಾಳದಲ್ಲಿ ರಕ್ತನಾಳಗಳು ಉಬ್ಬಿಕೊಳ್ಳುತ್ತವೆ. ಒಡೆದರೆ ಬೊಗಸೆ ಬೊಗಸೆ ರಕ್ತ ವಾಂತಿ. ಒಮ್ಮೆ ಅದನ್ನು ಕಂಡ ಡಾಕ್ಟರಾಗಲಿ, ಮನೆಯವರಾಗಲಿ ಮರೆಯುವುದಿಲ್ಲ. ಅಂಥವರಿಗೆ ರಕ್ತ ತೆಳು ಮಾಡುವ ಇಂಜೆಕ್ಷನ್ ಕೊಡುವುದೆಂದರೆ ಉರಿಯುವ ಮನೆಗೆ ಸೀಮೆಎಣ್ಣೆ ಹಾಕಿದಂತೆ ಎಂದೇ ತಲೆಮಾರುಗಳ ವೈದ್ಯರು ಕಲಿತರು. ಆದರೆ ಈ ವಾಂತಿಗೆ ಮುಖ್ಯ ಕಾರಣ ರಕ್ತ ತೆಳುವಾದದ್ದಲ್ಲ. ಗಟ್ಟಿಯಾದ ಲಿವರಿನೊಳಗೆ ರಕ್ತ ನುಗ್ಗಲಾಗದೆ ಹಿಂದಕ್ಕೆ ಒತ್ತುತ್ತದೆ, ತೂಬು ಮುಚ್ಚಿದ ಕೆರೆಯ ಏರಿ ಬಿರಿದಂತೆ. ಅದು ಒತ್ತಡದ ಸಮಸ್ಯೆ.

ಇತ್ತ, ಆಸ್ಪತ್ರೆಯಲ್ಲಿ ಮಲಗಿರುವವರಿಗೆ ಹೆಪ್ಪು ಬರದಂತೆ ತಡೆಯುವ ವಿದ್ಯೆ ಬೇರೆ ದಾರಿಯಲ್ಲಿ ಬೆಳೆಯುತ್ತಿತ್ತು. ರಕ್ತದ ಹರಿವು ನಿಧಾನವಾದಾಗ, ನಾಳದ ಗೋಡೆಗೆ ಪೆಟ್ಟಾದಾಗ, ರಕ್ತದ ಗುಣ ಬದಲಾದಾಗ ಹೆಪ್ಪು ಕಟ್ಟುತ್ತದೆ ಎಂಬ ಮೂರು ಕಾರಣಗಳು 19ನೇ ಶತಮಾನದ ಜರ್ಮನ್ ವೈದ್ಯ ವಿರ್ಕೋನ ಹೆಸರಿನಲ್ಲಿ ಇಂದಿಗೂ ಪಾಠವಾಗಿವೆ. ಔಷಧ ಸಿಕ್ಕಿದ್ದು 1916ರಲ್ಲಿ, ಬಾಲ್ಟಿಮೋರಿನಲ್ಲಿ. ಜೇ ಮೆಕ್ಲೀನ್ ಎಂಬ ವೈದ್ಯ ವಿದ್ಯಾರ್ಥಿ, ರಕ್ತ ಹೆಪ್ಪುಗಟ್ಟಿಸುವ ವಸ್ತು ಹುಡುಕುತ್ತಾ ಹೊರಟವನು, ಹೆಪ್ಪುಗಟ್ಟದಂತೆ ಮಾಡುವ ವಸ್ತುವನ್ನು ಪ್ರಾಣಿಗಳ ಲಿವರಿನಲ್ಲಿ ಕಂಡ. ಅವನ ಗುರು ಹೋವೆಲ್ 1918ರಲ್ಲಿ ಇಂಥದೇ ವಸ್ತುವಿಗೆ ಹೆಪಾರಿನ್ ಎಂದು ಹೆಸರಿಟ್ಟ. ಗ್ರೀಕಿನಲ್ಲಿ ಹೆಪಾರ್ ಎಂದರೆ ಲಿವರ್. ಲಿವರ್ ರೋಗಿಗಳಿಗೆ ಕೊಡಲು ಎಲ್ಲರೂ ಹೆದರಿದ ಔಷಧದ ಹೆಸರಿನಲ್ಲೇ ಲಿವರ್ ಕೂತಿತ್ತು ನೋಡಿ. ಮನುಷ್ಯರಿಗೆ ಕೊಡುವಷ್ಟು ಶುದ್ಧ ಹೆಪಾರಿನ್ ತಯಾರಾದದ್ದು 1930ರ ದಶಕದಲ್ಲಿ, ಟೊರಾಂಟೊ ಮತ್ತು ಸ್ಟಾಕ್‌ಹೋಮಿನಲ್ಲಿ. ಟೊರಾಂಟೊದ ತಂಡ ಇನ್ಸುಲಿನ್ ಖ್ಯಾತಿಯ ಚಾರ್ಲ್ಸ್ ಬೆಸ್ಟ್‌ನದು.

ಅದನ್ನು ಕಾಯಿಲೆ ಬಂದ ಮೇಲಲ್ಲ, ಬರುವ ಮೊದಲೇ ಕೊಟ್ಟರೆ ಜೀವ ಉಳಿಯುತ್ತದೆ ಎಂದು ದೊಡ್ಡ ಪ್ರಮಾಣದಲ್ಲಿ ತೋರಿಸಿದ ತಂಡದ ಮುಂದಾಳು ಭಾರತದಲ್ಲಿ ಹುಟ್ಟಿ ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯಲ್ಲಿ ಸರ್ಜನ್ ಆಗಿದ್ದ ವಿಜಯ್ ಕಕ್ಕರ್. 1975ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಆ ಅಧ್ಯಯನದಲ್ಲಿ ದೊಡ್ಡ ಆಪರೇಷನ್ ಆದ 4,121 ಜನರಿದ್ದರು. ಹೆಪಾರಿನ್ ಕೊಡದವರ ಪೈಕಿ 16 ಮಂದಿ ಶ್ವಾಸಕೋಶಕ್ಕೆ ಹೆಪ್ಪು ಹೋಗಿ ಸತ್ತರು, ಚರ್ಮದಡಿ ಸ್ವಲ್ಪಸ್ವಲ್ಪ ಕೊಟ್ಟವರ ಪೈಕಿ ಇಬ್ಬರು. ಮುಂದೆ ಎನಾಕ್ಸಪರಿನ್‌ನಂಥ ಹಗುರ ಹೆಪಾರಿನ್‌ಗಳು ಬಂದವು, ದಿನಕ್ಕೊಂದು ಸೂಜಿ ಸಾಕಾಯಿತು. 1999ರಲ್ಲಿ ಮೆಡೆನಾಕ್ಸ್ ಎಂಬ ಅಧ್ಯಯನ, ಆಪರೇಷನ್ ಇಲ್ಲದೆ ಬರೀ ಕಾಯಿಲೆಯಿಂದ ಮಲಗಿರುವವರಿಗೂ ಅದು ಉಪಯೋಗ ಎಂದು ತೋರಿಸಿತು. ಇಂಥ ಪ್ರಯೋಗಗಳಲ್ಲಿ ರಕ್ತಸ್ರಾವದ ಅಪಾಯ ಇರುವವರನ್ನು ಹೊರಗಿಡುವುದು ರೂಢಿ. ಲಿವರ್ ರೋಗಿಗಳು ಹೀಗೆ ಬಾಗಿಲ ಆಚೆಯೇ ಉಳಿದರು. ಅವರ ಬಗ್ಗೆ ಸಾಕ್ಷಿಯೂ ಇಲ್ಲ, ಪ್ರಶ್ನೆಯೂ ಇಲ್ಲ.

ಪ್ರಶ್ನೆ ಎದ್ದದ್ದು ಈ ಶತಮಾನದಲ್ಲಿ. 2005ರಲ್ಲಿ ಇಟಲಿಯ ಮಿಲಾನಿನ ಅರ್ಮಾಂಡೊ ತ್ರಿಪೋದಿ, ಮನ್ನುಚ್ಚಿ ಮತ್ತು ಸಂಗಡಿಗರು ಮಾಡಿದ ಕೆಲಸವನ್ನು ನಾವು ಈ ಚರಿತ್ರೆಯ ತಿರುವು ಎಂದು ನೋಡುತ್ತೇವೆ. ಅದನ್ನು ವಿವರಿಸಲು ತಕ್ಕಡಿ ಬೇಕು. ಹಾಸನದ ಎ.ಪಿ.ಎಂ.ಸಿ.ಯಲ್ಲಿ ಆಲೂಗೆಡ್ಡೆ ತೂಗುವುದನ್ನು ನೋಡಿದವರು ನೆನಪಿಸಿಕೊಳ್ಳಿ. ಒಂದು ತಟ್ಟೆಯಲ್ಲಿ ಮಾಲು ಕಡಿಮೆ ಇದೆ ಎಂದಷ್ಟೇ ನೋಡಿ ತೂಕ ಹೇಳಲಾಗುತ್ತದೆಯೇ? ಇನ್ನೊಂದು ತಟ್ಟೆಯ ಬಟ್ಟಿನ ಕಲ್ಲು ಎಷ್ಟಿದೆ ನೋಡಬೇಡವೇ?

ಲಿವರ್ ಹೆಪ್ಪುಗಟ್ಟಿಸುವ ಪ್ರೋಟೀನುಗಳನ್ನು ಮಾತ್ರ ಮಾಡುವುದಿಲ್ಲ. ಹೆಪ್ಪು ಅತಿಯಾಗದಂತೆ ತಡೆಯುವ ಪ್ರೋಟೀನ್ ಸಿ, ಪ್ರೋಟೀನ್ ಎಸ್, ಆಂಟಿಥ್ರಾಂಬಿನ್ ಮೊದಲಾದವನ್ನೂ ಅದೇ ಮಾಡುತ್ತದೆ. ಲಿವರ್ ಕೆಟ್ಟಾಗ ಎರಡೂ ತಟ್ಟೆ ಹಗುರಾಗುತ್ತವೆ. ಪ್ಲೇಟ್‌ಲೆಟ್ ಕಡಿಮೆಯಾದರೆ, ಅದನ್ನು ಸರಿದೂಗಿಸುವಂತೆ ಲಿವರಿನ ಹೊರಗೆ ತಯಾರಾಗುವ ಬೇರೆ ಹೆಪ್ಪಿನ ಅಂಶಗಳು ಏರಿರುತ್ತವೆ. ಪಿ.ಟಿ., ಐ.ಎನ್.ಆರ್. ನೋಡುವುದು ಒಂದೇ ತಟ್ಟೆಯನ್ನು. ಯಾಕೆಂದರೆ ಪ್ರೋಟೀನ್ ಸಿ ಎಚ್ಚರಗೊಳ್ಳಲು ರಕ್ತನಾಳದ ಗೋಡೆಯಲ್ಲಿರುವ ಥ್ರಾಂಬೊಮಾಡ್ಯುಲಿನ್ ಎಂಬ ವಸ್ತು ಬೇಕು, ಪರೀಕ್ಷೆಯ ನಳಿಕೆಗೆ ರಕ್ತನಾಳದ ಗೋಡೆ ಎಲ್ಲಿಂದ ಬರಬೇಕು? ಮಿಲಾನಿನವರು ಮಾಡಿದ್ದು ಅದನ್ನೇ. ನಳಿಕೆಗೆ ಥ್ರಾಂಬೊಮಾಡ್ಯುಲಿನ್ ಸೇರಿಸಿ ನೋಡಿದರು. ಪಿ.ಟಿ. ಕೆಟ್ಟದಾಗಿದ್ದ ಸಿರೋಸಿಸ್ ರೋಗಿಗಳ ರಕ್ತವೂ ಆರೋಗ್ಯವಂತರ ರಕ್ತದಷ್ಟೇ ಹೆಪ್ಪಿನ ಶಕ್ತಿ ತೋರಿಸಿತು.

ಮರುವರ್ಷ, 2006ರಲ್ಲಿ, ಅಮೆರಿಕದ ವರ್ಜೀನಿಯಾದಿಂದ ನಾರ್ತಪ್ ಮತ್ತು ಸಂಗಡಿಗರ ಲೆಕ್ಕ ಬಂತು. ಸಿರೋಸಿಸ್ ರೋಗಿಗಳ 21,000ಕ್ಕೂ ಹೆಚ್ಚು ದಾಖಲಾತಿಗಳನ್ನು ಜಾಲಾಡಿದಾಗ 113 ಮಂದಿಗೆ ಕಾಲಿನಲ್ಲೋ ಶ್ವಾಸಕೋಶದಲ್ಲೋ ಹೊಸದಾಗಿ ಹೆಪ್ಪು ಕಟ್ಟಿತ್ತು. ಸುಮಾರು ಶೇ 0.5. ಸಣ್ಣ ಸಂಖ್ಯೆ ಅನ್ನಿಸಬಹುದು, ಆದರೆ 'ಆಗುವುದೇ ಇಲ್ಲ' ಎಂಬ ಮಾತಿಗೆ ಇಷ್ಟು ಸಾಕು. ಯಾರಿಗೆ ಆಗುತ್ತದೆ ಎಂಬುದನ್ನು ಐ.ಎನ್.ಆರ್. ಆಗಲಿ ಪ್ಲೇಟ್‌ಲೆಟ್ ಆಗಲಿ ಹೇಳಲಿಲ್ಲ, ಆಲ್ಬುಮಿನ್ ಎಂಬ ಪ್ರೋಟೀನ್ ಕಡಿಮೆ ಇರುವುದು ಹೇಳಿತು. 2009ರಲ್ಲಿ ಡೆನ್ಮಾರ್ಕಿನವರು ಇಡೀ ದೇಶದ ದಾಖಲೆ ತೆಗೆದು, ಹೆಪ್ಪಿನ ಕಾಯಿಲೆಯಾದ 99,444 ಜನರನ್ನು ಬೇರೆಯವರೊಂದಿಗೆ ಹೋಲಿಸಿದರು. ಲಿವರ್ ಕಾಯಿಲೆ ಇದ್ದವರಲ್ಲಿ ಅಪಾಯ ಕಡಿಮೆ ಇರುವುದಿರಲಿ, ಹೆಚ್ಚುಕಡಿಮೆ ಎರಡು ಪಟ್ಟಿನ ಹತ್ತಿರ ಇತ್ತು.

2012ರಲ್ಲಿ ಇಟಲಿಯ ಎರಿಕಾ ವಿಲ್ಲಾ ತಂಡ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಕರುಳಿನಿಂದ ಲಿವರಿಗೆ ರಕ್ತ ತರುವ ಪೋರ್ಟಲ್ ನಾಳದಲ್ಲಿ ಸಿರೋಸಿಸ್ ರೋಗಿಗಳಿಗೆ ಹೆಪ್ಪು ಕಟ್ಟುವುದುಂಟು. 70 ಹೊರರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ದಿನಾ ಎನಾಕ್ಸಪರಿನ್ ಅನ್ನು 48 ವಾರ ಕೊಟ್ಟರು. ಔಷಧ ಪಡೆದ 34 ಜನರಲ್ಲಿ ಆ ಅವಧಿಯಲ್ಲಿ ಒಬ್ಬರಿಗೂ ಅಲ್ಲಿ ಹೆಪ್ಪು ಕಟ್ಟಲಿಲ್ಲ, ಪಡೆಯದ 36ರಲ್ಲಿ 6 ಮಂದಿಗೆ ಕಟ್ಟಿತು. ರಕ್ತಸ್ರಾವ ಹೆಚ್ಚಾಗಲಿಲ್ಲ. ಸಣ್ಣ ಅಧ್ಯಯನ, ಒಂದೇ ಆಸ್ಪತ್ರೆಯದು, ಮೇಲಾಗಿ ವಾರ್ಡಿನಲ್ಲಿ ಮಲಗಿದವರ ಮೇಲೆ ಮಾಡಿದ್ದಲ್ಲ. ಇದೊಂದನ್ನೇ ಹಿಡಿದು ಎಲ್ಲರಿಗೂ ಸೂಜಿ ಚುಚ್ಚಿ ಎನ್ನುವಂತಿಲ್ಲ ಎಂದು ನಮಗೂ ಅನ್ನಿಸುತ್ತದೆ.

ಹಾಸನಕ್ಕೆ ಮೆಡಿಕಲ್ ಕಾಲೇಜು ಬಂದದ್ದೂ 2006ರಲ್ಲೇ. ಶ್ರೀ ಚಾಮರಾಜೇಂದ್ರ ಆಸ್ಪತ್ರೆ ಆಗ ಹಿಮ್ಸ್‌ನ ಬೋಧನಾ ಆಸ್ಪತ್ರೆಯಾಯಿತು. ಅಂದರೆ ನಮ್ಮ ಜಿಲ್ಲೆಯಲ್ಲಿ ಓದಿ ಡಾಕ್ಟರಾದವರೆಲ್ಲ ಹಳೆಯ ಪಾಠ ಮತ್ತು ಹೊಸ ಪಾಠದ ನಡುವಿನ ಕಾಲದವರು. ಪಠ್ಯ ಬದಲಾಗಲು ಹತ್ತು ವರ್ಷ, ವಾರ್ಡಿನ ರೂಢಿ ಬದಲಾಗಲು ಇನ್ನಷ್ಟು. ಇದು ಹಾಸನದ್ದೊಂದೇ ಕಥೆಯಲ್ಲ, ಬಾಸ್ಟನ್ನಿನದೂ ಹೌದು.

ರೂಢಿಯ ಭಾರ ಹೊರುವವರು ಮನೆಯವರು. ಐ.ಎನ್.ಆರ್. ಜಾಸ್ತಿ ಇದೆ, ಪ್ಲಾಸ್ಮಾ ತನ್ನಿ ಎಂದು ಚೀಟಿ ಕೊಟ್ಟರೆ ಮಗನೋ ಅಳಿಯನೋ ರಾತ್ರಿಯಲ್ಲಿ ಬ್ಲಡ್ ಬ್ಯಾಂಕಿಗೆ ಓಡುತ್ತಾನೆ, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ದಾನಿಗಳಿಗಾಗಿ ಬೇಡಿಕೊಳ್ಳುತ್ತಾನೆ. ರಕ್ತ ಸೋರುತ್ತಿಲ್ಲದ ರೋಗಿಗೆ ಬರೀ ಅಂಕಿ ಸರಿಮಾಡಲು ಪ್ಲಾಸ್ಮಾ ಏರಿಸುವುದನ್ನು ಯುರೋಪಿನ ಲಿವರ್ ತಜ್ಞರ ಸಂಘದ 2022ರ ಮಾರ್ಗಸೂಚಿ ಬೇಡ ಎನ್ನುತ್ತದೆ. ಪ್ಲಾಸ್ಮಾ ಏರಿಸಿದಷ್ಟೂ ನಾಳದೊಳಗಿನ ಒತ್ತಡ ಏರುತ್ತದೆ. ಕೆರೆ ಏರಿಯ ಮಾತು ಇಲ್ಲಿ ಮತ್ತೆ ಬರುತ್ತದೆ.

ಹೆಪ್ಪು ತಡೆಯುವ ಸೂಜಿಯ ವಿಷಯದಲ್ಲಿ ಅಮೆರಿಕದ ಜಠರರೋಗ ತಜ್ಞರ ಸಂಘ 2021ರಲ್ಲಿ ಹೇಳಿದ್ದು ಹೀಗೆ. ಆಸ್ಪತ್ರೆಗೆ ದಾಖಲಾದ ಸಿರೋಸಿಸ್ ರೋಗಿಗೆ, ಬೇರೆ ಯಾವ ರೋಗಿಗಾದರೂ ಸೂಜಿ ಕೊಡುವಂಥ ಕಾರಣಗಳಿದ್ದರೆ, ಸಿರೋಸಿಸ್ ಇದೆ ಎಂಬ ಒಂದೇ ಕಾರಣಕ್ಕೆ ಬಿಡಬೇಡಿ. ಆದರೆ ಇದಕ್ಕೆ ಆಧಾರ ಬಹಳ ದುರ್ಬಲ ಎಂದೂ ಅವರೇ ಬರೆದುಕೊಂಡಿದ್ದಾರೆ. ಈಗ ರಕ್ತ ವಾಂತಿ ಆಗುತ್ತಿರುವವರಿಗೆ ಕೊಡುವಂತಿಲ್ಲ. ಪ್ಲೇಟ್‌ಲೆಟ್ ತೀರಾ ಕುಸಿದವರಲ್ಲಿ, ಕಿಡ್ನಿ ಕೆಟ್ಟವರಲ್ಲಿ ಲೆಕ್ಕಾಚಾರ ಬೇರೆ. ಅನ್ನನಾಳದ ಉಬ್ಬುಗಳನ್ನು ಎಂಡೋಸ್ಕೋಪಿಯಲ್ಲಿ ನೋಡಿದ್ದಾರೆಯೇ ಎಂಬುದೂ ಮುಖ್ಯ. ಹೀಗಾಗಿ ಪ್ರತಿ ಹಾಸಿಗೆಯ ಪಕ್ಕ ನಿಂತು ಡಾಕ್ಟರೇ ತೂಗಿ ನೋಡಬೇಕಾದ ವಿಷಯ ಇದು. ಔಷಧವೇನೂ ಕೈಗೆಟುಕದ್ದಲ್ಲ. ಎನಾಕ್ಸಪರಿನ್ 2015ರಿಂದ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ, ಬೆಲೆಗೆ ಮಿತಿ ಇದೆ, ಹೈದರಾಬಾದಿನಂಥ ಕಡೆ ಇಲ್ಲೇ ತಯಾರಾಗುತ್ತದೆ.

ಸೂಜಿಗಿಂತ ಮೊದಲಿನದು ಇನ್ನೊಂದಿದೆ. ನಮ್ಮ ಸರ್ಕಾರಿ ವಾರ್ಡುಗಳಲ್ಲಿ ರೋಗಿಯನ್ನು ಎಬ್ಬಿಸಿ ಕೂರಿಸುವುದು, ನಡೆಸುವುದು ಹೆಚ್ಚಾಗಿ ಮನೆಯವರ ಕೆಲಸ. 'ಸುಸ್ತಾಗವ್ರೆ, ಮಲ್ಗಿರ್ಲಿ ಬುಡಿ' ಎನ್ನುವುದು ನಮ್ಮ ಕಡೆ ಪ್ರೀತಿಯ ಮಾತು. ಆದರೆ ಅಲ್ಲಾಡದ ಕಾಲಿನಲ್ಲಿ ರಕ್ತ ನಿಧಾನವಾಗುತ್ತದೆ, ವಿರ್ಕೋ ಹೇಳಿದ ಮೊದಲ ಕಾರಣ ಅದೇ. ಡಾಕ್ಟರು ಬೇಡ ಎನ್ನದಿದ್ದರೆ ಹೆಗಲು ಕೊಟ್ಟು ವರಾಂಡದಲ್ಲಿ ನಾಲ್ಕು ಹೆಜ್ಜೆ ಹಾಕಿಸುವುದು, ಆಗದಿದ್ದರೆ ಹಾಸಿಗೆಯಲ್ಲೇ ಪಾದ ಆಡಿಸುವುದು ಒಳ್ಳೆಯದು. ಒಂದೇ ಎಚ್ಚರಿಕೆ, ಒಂದು ಕಾಲು ಬಾತು ನೋಯುತ್ತಿದ್ದರೆ ಅದನ್ನು ತಿಕ್ಕಲು ಹೋಗಬೇಡಿ.

ಯಾಕೆಂದರೆ ಲಿವರ್ ರೋಗಿಗಳಲ್ಲಿ ಹೆಪ್ಪು ಕಣ್ಣು ತಪ್ಪಿಸಿಕೊಳ್ಳುವುದು ಇಲ್ಲಿಯೇ. ಅವರ ಕಾಲು ಹೇಗೂ ಬಾತಿರುತ್ತದೆ, ನೀರು ತುಂಬಿದೆ ಎಂದು ಎಲ್ಲರೂ ಸುಮ್ಮನಾಗುತ್ತಾರೆ. ನೀರಿನ ಬಾವು ಸಾಮಾನ್ಯವಾಗಿ ಎರಡೂ ಕಾಲಿಗೆ ಸಮನಾಗಿ ಬರುತ್ತದೆ. ಒಂದು ಕಾಲು ಮಾತ್ರ ಹೆಚ್ಚು ಬಾತು, ಮೀನಖಂಡ ಬಿಸಿಯಾಗಿ ನೋಯುತ್ತಿದ್ದರೆ, ಅಥವಾ ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಬೆಳಗಿನ ರೌಂಡ್ಸಿಗೆ ಕಾಯದೆ ಆಗಲೇ ನರ್ಸಿಗೆ ಹೇಳಿ. ಡಾಪ್ಲರ್ ಸ್ಕ್ಯಾನ್ ಬೇಕೇ ಎಂದು ಕೇಳಿ.